ದೊಡ್ಡ ಕಾರ್ಬುರೇಟರ್ ಹಾಕಿದರೆ ಕಾರು ಜೋರಾಗಿ ಓಡುತ್ತದೆಯೇ?

ನಮ್ಮ ಮನೆಯಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರೊಂದಿದೆ. ದಾದಾ ಅದನ್ನು ಬಾಡಿಗೆಗೆ ಓಡಿಸಿಯೇ ಅಬ್ಬಾನನ್ನು ಓದಿಸಿದರು. ಕಳೆದ ಬೇಸಿಗೆ ರಜೆಯಲ್ಲಿ ಅದರ ಕಾರ್ಬುರೇಟರ್ ಸೋರತೊಡಗಿತು. "ಹೇಗೂ ಬದಲಿಸಬೇಕು, ದೊಡ್ಡದನ್ನೇ ಹಾಕೋಣ, ಗಾಡಿ ಜೋರಾಗಿ ಓಡುತ್ತದೆ" ಎಂದು ಹಟ ಹಿಡಿದವನು ನಾನೇ. ಗುಜರಿಯಲ್ಲಿ ಸಿಕ್ಕ ಅಗಲ ಬಾಯಿಯ ಕಾರ್ಬುರೇಟರ್ ತಂದು, ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂರಿಸಿದೆವು.

ಮರುದಿನ ಹಿರಿಯೂರಿನಿಂದ ಐಮಂಗಲಕ್ಕೆ ಹೊರಟೆವು. ಹೆದ್ದಾರಿಗೆ ಸೇರುವಾಗ ದಾದಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಎಂಜಿನ್ ಕೆಮ್ಮಿ ನಿಂತೇಹೋಯಿತು. ಹಿಂದೆ ಲಾರಿ ಬರುತ್ತಿತ್ತು. ಅದರ ಚಾಲಕ ಪಕ್ಕಕ್ಕೆ ತಿರುಗಿಸಿದ್ದರಿಂದ ನಾವು ಉಳಿದೆವು. ದಾದಾ ಬೈಯಲಿಲ್ಲ. "ನೀನು ಸೈನ್ಸ್ ಓದುವವನಲ್ಲವೇ, ಹೀಗೇಕಾಯಿತು ಹೇಳು" ಎಂದರು. ಉತ್ತರ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲೇ ಇತ್ತು.

ವಾಣಿವಿಲಾಸ ಸಾಗರದ ನಾಲೆಯಲ್ಲಿ ಕಿರಿದಾದ ಕಡೆ ನೀರು ವೇಗವಾಗಿ ಹರಿಯುವುದನ್ನು ನೀವೂ ನೋಡಿರಬಹುದು. ಕಾರ್ಬುರೇಟರಿನ ಒಳಗೂ ಅಂಥದೇ ಕಿರಿದಾದ ಕತ್ತು ಇದೆ. ಅದೇ ವೆಂಚುರಿ. ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಬರ್ನೌಲಿ ತತ್ವದಂತೆ ಒತ್ತಡ ಇಳಿಯುತ್ತದೆ. ಈ ಇಳಿಕೆಯೇ ಪೆಟ್ರೋಲನ್ನು ಜೆಟ್ ಮೂಲಕ ಮೇಲೆಳೆಯುತ್ತದೆ.

ಮೊದಲ ಲೆಕ್ಕ: ಎಂಜಿನ್‌ಗೆ ಎಷ್ಟು ಗಾಳಿ ಬೇಕು? ಪದ್ಮಿನಿಯ ಎಂಜಿನ್ 1089 ಸಿಸಿ, ಅಂದರೆ 1.089 ಲೀಟರ್. ಗರಿಷ್ಠ ಶಕ್ತಿ ಬರುವುದು ನಿಮಿಷಕ್ಕೆ ಸುಮಾರು 4800 ಸುತ್ತಿನಲ್ಲಿ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರೆಳೆಯುತ್ತದೆ. ಆದ್ದರಿಂದ 1.089 ÷ 2 × 4800 = 2614 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ. ಶೇ. 80 ಎಂದು ಹಿಡಿದರೆ ನಿಮಿಷಕ್ಕೆ ಸುಮಾರು 2090 ಲೀಟರ್. 1489 ಸಿಸಿಯ ಅಂಬಾಸಿಡರ್‌ಗೆ 4200 ಸುತ್ತಿನಲ್ಲಿ ಇದೇ ಲೆಕ್ಕ ಸುಮಾರು 2500 ಲೀಟರ್ ಆಗುತ್ತದೆ.

ಎರಡನೇ ಲೆಕ್ಕ: ಕತ್ತಿನಲ್ಲಿ ಗಾಳಿಯ ವೇಗ ಎಷ್ಟು? ಉದಾಹರಣೆಗೆ ಒಂದು ವೆಂಚುರಿಯ ವ್ಯಾಸ 24 ಮಿ.ಮೀ., ಇನ್ನೊಂದರದು 32 ಮಿ.ಮೀ. ಎಂದಿಟ್ಟುಕೊಳ್ಳೋಣ. 2090 ಲೀಟರ್ ಗಾಳಿ ಮೊದಲನೆಯದರಲ್ಲಿ ಸೆಕೆಂಡಿಗೆ ಸರಾಸರಿ 77 ಮೀಟರ್ ವೇಗದಲ್ಲಿ ಸಾಗಿದರೆ, ಎರಡನೆಯದರಲ್ಲಿ 43 ಮೀಟರ್ ಮಾತ್ರ. ಎಳೆತವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ.

ಈಗ ಎಂಜಿನ್ 1600 ಸುತ್ತಿನಲ್ಲಿರುವಾಗ ಪೂರ್ತಿ ಒತ್ತಿದೆವು ಎನ್ನಿ. ವೇಗ ಮೂರನೇ ಒಂದು ಭಾಗ, ಎಳೆತ ಒಂಬತ್ತನೇ ಒಂದು ಭಾಗ. ಸ್ಥೂಲವಾಗಿ 24 ಮಿ.ಮೀ. ಕತ್ತು 54 ಮಿ.ಮೀ. ಎತ್ತರದ ಪೆಟ್ರೋಲನ್ನು ಎತ್ತಬಲ್ಲದು. 32 ಮಿ.ಮೀ. ಕತ್ತು 17 ಮಿ.ಮೀ. ಮಾತ್ರ. ಫ್ಲೋಟ್ ಚೇಂಬರಿನಿಂದ ನಳಿಗೆಯ ಬಾಯಿಗೆ ಏರುವುದರಲ್ಲೇ ಅದರಲ್ಲಿ ಒಂದಷ್ಟು ಮುಗಿಯುತ್ತದೆ. ಗಾಳಿ ಬಂತು, ಪೆಟ್ರೋಲ್ ಸಾಲಲಿಲ್ಲ, ಬಂದದ್ದೂ ಸಣ್ಣ ಹನಿಗಳಾಗಿ ಒಡೆಯಲಿಲ್ಲ. ಹೆದ್ದಾರಿಯಲ್ಲಿ ನಮಗಾದದ್ದು ಇದೇ.

ಹಾಗೆಂದು ತೀರಾ ಚಿಕ್ಕದೂ ಆಗದು. ಹೆಚ್ಚು ಸುತ್ತಿನಲ್ಲಿ ಎಂಜಿನ್‌ಗೆ ಉಸಿರು ಕಟ್ಟುತ್ತದೆ. ಗರಿಷ್ಠ ಸುತ್ತಿಗೆ ಸಾಕಾಗುವಷ್ಟು ದೊಡ್ಡದು, ಕಡಿಮೆ ಸುತ್ತಿನಲ್ಲೂ ಎಳೆಯುವಷ್ಟು ಚಿಕ್ಕದು, ಅದೇ ಸರಿಯಾದ ಅಳತೆ. ಕಾರ್ಬುರೇಟರಿನ ಮೈಮೇಲೆ ಅಚ್ಚಾದ ಸಂಖ್ಯೆ ಸಾಮಾನ್ಯವಾಗಿ ಥ್ರಾಟಲ್ ಕೊಳವೆಯ ವ್ಯಾಸ. ವೆಂಚುರಿ ಅದಕ್ಕಿಂತ ಕಿರಿದು, ಅದನ್ನು ಬೇರೆಯಾಗಿಯೇ ಅಳೆಯಬೇಕು. ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ವೆಂಚುರಿ ಬದಲಾದರೆ ಜೆಟ್ ಕೂಡ ಬದಲಾಗಬೇಕು. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು.

ಕೊನೆಗೆ ಹಳೆಯ ಕಾರ್ಬುರೇಟರಿಗೇ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆವು. ಈಗ ಕಾರು ಕೆಮ್ಮುವುದಿಲ್ಲ. ಲೆಕ್ಕ ಬರೆದ ಹಾಳೆಯನ್ನು ದಾದಾಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಇದನ್ನು ಕೊಳ್ಳುವ ಮೊದಲು ಮಾಡಬೇಕಿತ್ತು."

ಗೆಳೆಯರೇ, ನಿಮಗೊಂದು ಪ್ರಶ್ನೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನದು ಸುಮಾರು 250 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಅದರ ಗಾಳಿಯ ಲೆಕ್ಕದಲ್ಲೂ 2ರಿಂದ ಭಾಗಿಸಬೇಕೇ? ಯೋಚಿಸಿ ನೋಡಿ.