ತಲೆಗೆ ಬಿದ್ದ ಪೆಟ್ಟು, ಮನಸ್ಸಿಗೆ ಹತ್ತಿದ ಅಂಜಿಕೆ

ಪುಣೆಯ ಹೊರವಲಯದ ಗಹುಂಜೆ ಮೈದಾನದಲ್ಲಿ 2025ರ ಜನವರಿ 31ರಂದು ಇಂಗ್ಲೆಂಡಿನ ವಿರುದ್ಧ ಆಡುತ್ತಿದ್ದ ಶಿವಂ ದುಬೆಯವರ ಹೆಲ್ಮೆಟ್ಟಿಗೆ ಕೊನೆಯ ಓವರಿನಲ್ಲಿ ಚೆಂಡು ಬಡಿಯಿತು. ಅವರು ಫೀಲ್ಡಿಂಗಿಗೆ ಇಳಿಯಲಿಲ್ಲ. ಬದಲಿಯಾಗಿ ಬಂದ ಹರ್ಷಿತ್ ರಾಣಾ ಮೂರು ವಿಕೆಟ್ ಪಡೆದರು. ಆ ಬದಲಾವಣೆ ನ್ಯಾಯವೇ ಎಂಬ ವಾದ ನಡೆದಷ್ಟು ಪೆಟ್ಟಿನ ವಿಚಾರ ನಡೆಯದಿದ್ದುದು ವಿಷಾದದ ಸಂಗತಿ.

ಇಂಥ ಪೆಟ್ಟಿನಿಂದಾಗುವ ತೊಂದರೆಗೆ ವೈದ್ಯರು ‘ಕನ್‌ಕಷನ್’ ಎನ್ನುತ್ತಾರೆ. ತಲೆಬುರುಡೆಯೊಳಗೆ ಮಿದುಳು ಅಲುಗಿ ನರಕೋಶಗಳ ಲವಣಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಹೆಚ್ಚು ಶಕ್ತಿ ಬೇಕಾದ ಹೊತ್ತಿಗೇ ರಕ್ತದ ಪೂರೈಕೆ ತಗ್ಗಬಹುದು. ಖರ್ಚು ಏರಿ ಜಮೆ ಇಳಿದ ಖಾತೆಯ ಸ್ಥಿತಿ ಅದು. ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಮುರಿತವನ್ನೂ ತೋರಿಸೀತೇ ಹೊರತು ಈ ಏರುಪೇರನ್ನು ತೋರಿಸದು. ಆದುದರಿಂದ ಸ್ಕ್ಯಾನಿನಲ್ಲಿ ಏನೂ ಕಾಣದ ಮಾತ್ರಕ್ಕೆ ಹುಡುಗನ ತಲೆನೋವು ನಟನೆಯಾಗದು.

ಅಂಜಿಕೆ ಒಳಹೊಗುವುದು ಇಲ್ಲಿಯೇ. ತಲೆ ಸುತ್ತಿದರೆ ಮಿದುಳೇ ಕೆಟ್ಟಿತೆಂಬ ಭಯ. ಭಯದಿಂದ ಎದೆಬಡಿತ, ನಿದ್ರಾಭಂಗ. ಮರುದಿನ ತಲೆಸುತ್ತು ಇನ್ನೂ ಹೆಚ್ಚು. ಯಾವುದು ಪೆಟ್ಟಿನದು, ಯಾವುದು ಭಯದ್ದು ಎಂದು ಬಿಡಿಸುವುದು ವೈದ್ಯರಿಗೂ ಸುಲಭವಲ್ಲ. ಮೊದಲಿನಿಂದಲೂ ಆತಂಕದ ತೊಂದರೆ ಇದ್ದವರಿಗೆ ಚೇತರಿಕೆ ನಿಧಾನವಾಗಬಹುದು. ಧಾರವಾಡದಿಂದಲೋ ವಿಜಯಪುರದಿಂದಲೋ ಬಂದು ಪುಣೆಯ ಹಾಸ್ಟೆಲಿನಲ್ಲಿರುವ ಹುಡುಗ ಸ್ಕೂಟರಿನಿಂದ ಬಿದ್ದರೆ, ಮನೆಯವರು ಗಾಬರಿಯಾದಾರೆಂದು ಸುದ್ದಿಯನ್ನೇ ಮುಚ್ಚಿಡುವುದುಂಟು. ಮೊದಲ ರಾತ್ರಿ ಅವನ ಬಳಿ ಯಾರಾದರೂ ಇರಲೇಬೇಕು.

ಸ್ಥಾನ ಕಳೆದುಕೊಳ್ಳುವ ಭಯವೂ ಬಾಯಿ ಕಟ್ಟುತ್ತದೆ. 2021ರ ಆಗಸ್ಟಿನಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಅಭ್ಯಾಸದ ವೇಳೆ ಸಿರಾಜರ ಚೆಂಡು ತಗುಲಿ ಕರ್ನಾಟಕದ ಮಯಂಕ್ ಅಗರವಾಲ್ ಟೆಸ್ಟಿನಿಂದ ಹೊರಗುಳಿದರು. ಆರಂಭಿಕರಾಗಿ ಆಡಿದ ಕೆ. ಎಲ್. ರಾಹುಲ್ 84 ರನ್ ಗಳಿಸಿದರು, ಮುಂದೆ ಲಾರ್ಡ್ಸ್‌ನಲ್ಲಿ 129. ಮಯಂಕರು ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎದುರು 150 ಹೊಡೆದರು.

ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು 2022ರ ಆಮ್‌ಸ್ಟರ್‌ಡ್ಯಾಮ್ ತಜ್ಞರ ಸಮ್ಮೇಳನ ಒಪ್ಪಲಿಲ್ಲ. ಮೊದಲ 24ರಿಂದ 48 ಗಂಟೆ ಸಾಧಾರಣ ವಿಶ್ರಾಂತಿ, ಆ ಅವಧಿಯಲ್ಲಿ ಮೊಬೈಲ್ ಮಿತ. ಬಳಿಕ ನಡಿಗೆ, ಹಂತಹಂತವಾಗಿ ಪಾಠ, ವೈದ್ಯರು ಒಪ್ಪಿದ ಮೇಲಷ್ಟೇ ಆಟ ಮತ್ತು ಸ್ಕೂಟರ್. ತುಸು ತಲೆನೋವು ಹೆಚ್ಚಿದರೆ ಹೆದರಬೇಕಾಗಿಲ್ಲ, ಆ ದಿನ ಸ್ವಲ್ಪ ಕಡಮೆ ಮಾಡಿದರಾಯಿತು. ಬಹುಪಾಲು ಮಕ್ಕಳು ನಾಲ್ಕು ವಾರಗಳೊಳಗೆ ಗುಣಹೊಂದುತ್ತಾರೆ. ಆದರೆ ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು, ಸೆಳವು, ಕೈಕಾಲಿನ ದೌರ್ಬಲ್ಯ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ತಿಂಗಳು ಕಳೆದರೂ ಅಂಜಿಕೆ ಬಿಡದಿದ್ದಲ್ಲಿ ಅದಕ್ಕೂ ಚಿಕಿತ್ಸೆಯುಂಟು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ‘ಟೆಲಿ-ಮಾನಸ್’ ದೂರವಾಣಿ 14416 ಹಗಲಿರುಳೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಸೇರಿದೆ.