ಬಂಡೆಯ ಮೇಲೆ ಜಾರುವ ಉಕ್ಕಿನ ಕೊಳವೆ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸಿಯೆರಾ ನೆವಾಡ ಪರ್ವತಗಳ ನಡುವೆ, ರೂಬಿಕಾನ್ ಎಂಬ ಕಲ್ಲುದಾರಿಯೊಂದುಂಟು. 1953ರಲ್ಲಿ ಜೀಪುಗಳ ದೊಡ್ಡ ತಂಡವೊಂದು ಅದನ್ನು ಹಾಯ್ದಿತು, ಇಂದಿಗೂ ಹಾಯುವವರಿದ್ದಾರೆ. ಅಲ್ಲಿ ಮುಂಚಕ್ರವು ಬಂಡೆಯನ್ನು ದಾಟಿ ಇಳಿದೊಡನೆ ಬಾಗಿಲಿನ ಕೆಳಗಿನ ತೆಳುತಗಡಿನ ಅಂಚು ಬಂಡೆಯ ಮೇಲೆ ಕುಳಿತುಬಿಡುತ್ತದೆ. ತಗಡು ನೆಗ್ಗಿದರೆ ಬಾಗಿಲನ್ನು ತೆರೆಯುವುದೂ ಕಷ್ಟ. ಈ ಅಂಚನ್ನು ಕಾಯಲು ವಾಹನದ ಎರಡು ಪಕ್ಕಗಳಲ್ಲಿಯೂ ಜೋಡಿಸುವ ಉಕ್ಕಿನ ಕೊಳವೆಯೇ ರಾಕ್ ಸ್ಲೈಡರ್.

ಹತ್ತಿ ಇಳಿಯುವ ಮೆಟ್ಟಿಲೂ ನೋಡಲು ಹೀಗೆಯೇ ಇರುತ್ತದೆ. ಆದರೆ ಅದು ಹೊರುವುದು ಮನುಷ್ಯನ ಭಾರವನ್ನು. 2000 ಕಿಲೋಗ್ರಾಂ ವಾಹನದ ಅರ್ಧ ಭಾರವು ಛಾಸಿಯಿಂದ 30 ಸೆಂಟಿಮೀಟರು ದೂರದಲ್ಲಿ ಬಿದ್ದಿತೆನ್ನಿ. ಬಲವನ್ನು ದೂರದಿಂದ ಗುಣಿಸಿದರೆ ಬರುವ ಭ್ರಾಮಕ ಸುಮಾರು 3000 ನ್ಯೂಟನ್-ಮೀಟರು! ವಾಹನ ಧೊಪ್ಪನೆ ಬಿದ್ದರಂತೂ ಇನ್ನೂ ಹೆಚ್ಚು. ಆದುದರಿಂದ ಸ್ಲೈಡರಿನ ತೋಳುಗಳನ್ನು ಒಡಲಿನ ತಗಡಿಗಲ್ಲ, ಛಾಸಿಗೇ ಬಿಗಿಯಬೇಕು. ತೋಳಿನ ಬುಡದಲ್ಲಿ ಬಲವನ್ನು ಹರಡುವ ಅಗಲವಾದ ಫಲಕವಿರಬೇಕು. ಕೊಳವೆಗೂ ಒಡಲಿಗೂ ನಡುವೆ ಸ್ವಲ್ಪ ತೆರಪಿರಲಿ. ಭಾರ ಬಿದ್ದಾಗ ತೋಳು ತುಸುವಾದರೂ ಬಾಗದೆ ಇರದು.

ಟೊಳ್ಳು ಕೊಳವೆಯೇ ಏಕೆ? ಹೊರವ್ಯಾಸ 44 ಮಿ.ಮೀ., ಗೋಡೆ 3 ಮಿ.ಮೀ. ಇರುವ ಕೊಳವೆಯಷ್ಟೇ ಉದ್ದ, ಅಷ್ಟೇ ತೂಕದ ಗಟ್ಟಿ ಸರಳಿನ ವ್ಯಾಸ 22 ಮಿ.ಮೀ. ಮಾತ್ರ. ಬಾಗುವಿಕೆಯನ್ನು ತಡೆಯುವುದರಲ್ಲಿ ಅಕ್ಷದಿಂದ ದೂರವಿರುವ ಲೋಹದ್ದೇ ದೊಡ್ಡ ಪಾಲು. ಲೆಕ್ಕ ಮಾಡಿದರೆ ಕೊಳವೆಯ ಬಿಗಿತವು ಸರಳಿನದರ ಸುಮಾರು 7 ರಷ್ಟು. ಹಾಗೆಂದು ಗೋಡೆಯನ್ನು ತೀರ ತೆಳುವಾಗಿಸಿದರೆ ಬಂಡೆಯ ಮೊನೆ ಅದನ್ನು ನೆಗ್ಗಿಸಿಬಿಡುತ್ತದೆ.

ಬೆಸುಗೆಯೋ ಬೋಲ್ಟೋ? ಬೋಲ್ಟನ್ನು ಬಿಚ್ಚಬಹುದು, ಆದರೆ ಆಗಾಗ ಬಿಗಿಯಬೇಕು. ಬೆಸೆಯುವವರು ಮೊದಲು ಬ್ಯಾಟರಿಯ ತಂತಿಯನ್ನು ಕಳಚಿ, ಛಾಸಿಯ ಮಗ್ಗುಲಲ್ಲಿ ಇಂಧನದ ಮತ್ತು ಬ್ರೇಕಿನ ನಳಿಕೆಗಳು ಎಲ್ಲಿ ಹಾಯುತ್ತವೆಂದು ನೋಡಿಕೊಳ್ಳಬೇಕು.