ಹಳೆಯ ಗಣಕದಾಟಗಳ ಕ್ರಯ

ಪುಸ್ತಕವೊಂದನ್ನು ಕೊಂಡರೆ ಅದು ನಮ್ಮದು. ಓದಬಹುದು, ಮಾರಬಹುದು, ತಮ್ಮನಿಗೆ ಕೊಡಬಹುದು. ಅಂತರ್ಜಾಲದ ಅಂಗಡಿಯಲ್ಲಿ ಕಂಪ್ಯೂಟರ್ ಆಟವೊಂದಕ್ಕೆ ಹಣ ತೆತ್ತವನಿಗೆ ದೊರೆಯುವುದೇನು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಳೆಯ ಆಟಗಳಲ್ಲಿ ಮೊದಲ ತೊಡಕು ಯಂತ್ರದ್ದು. 1990ರ ಸುಮಾರಿನ ಆಟಗಳು ಬಹುಮಟ್ಟಿಗೆ ಡಾಸ್ ಎಂಬ ವ್ಯವಸ್ಥೆಗಾಗಿ ರಚಿತವಾದವು. ಇಂದಿನ ವಿಂಡೋಸಿನಲ್ಲಿ ಅವು ತಾವಾಗಿ ನಡೆಯವು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವು ಹೊಸ ಯಂತ್ರಕ್ಕೆ ಹಳೆಯ ಯಂತ್ರದ ವೇಷ ಕಟ್ಟುತ್ತದೆ. ಪಾಪ, ಆಟಕ್ಕೆ ಈ ಮೋಸ ತಿಳಿಯುವುದೇ ಇಲ್ಲ! ಪೋಲೆಂಡಿನಲ್ಲಿ 2008ರಲ್ಲಿ ಆರಂಭವಾದ ಜಿಒಜಿ ಎಂಬ ಅಂಗಡಿಯು ಇಂಥ ಅನೇಕ ಆಟಗಳನ್ನು ಡಾಸ್‌ಬಾಕ್ಸಿನೊಡನೆ ಜೋಡಿಸಿಯೇ ಮಾರುತ್ತ ಬಂದಿದೆ. ಕೊಂಡವನು ಕಡತವನ್ನು ಇಳಿಸಿಕೊಂಡು ತನ್ನಲ್ಲಿ ಇಟ್ಟುಕೊಳ್ಳಬಹುದು. ಆಮೇಲೆ ಆಡುವುದಕ್ಕೆ ಅಂಗಡಿಯ ಅಪ್ಪಣೆ ಬೇಡ, ಅಂತರ್ಜಾಲವೂ ಬೇಡ.

ಕಾನೂನಿನ ಮಾತು ಬೇರೆ. ಇಲ್ಲಿಯೂ ಸಿಗುವುದು ಬಳಕೆಯ ಪರವಾನಗಿಯೇ, ಮರುಮಾರಾಟದ ಹಕ್ಕಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2024ರಲ್ಲಿ ಮಾಡಿದ ಶಾಸನದಂತೆ, ಮಾರುವುದು ಪರವಾನಗಿಯನ್ನು ಮಾತ್ರ ಎಂದು ಸ್ಪಷ್ಟಪಡಿಸದೆ ‘ಕೊಳ್ಳಿರಿ’ ಎನ್ನುವಂತಿಲ್ಲ. ಅದೇ ವರ್ಷ ಸ್ಟೀಮ್ ಎಂಬ ದೊಡ್ಡ ಅಂಗಡಿಯೂ ಹಣ ಕಟ್ಟುವ ಪುಟದಲ್ಲಿ ಈ ಸೂಚನೆಯನ್ನು ಹಾಕಿತು. ಶಾಶ್ವತವಾಗಿ ಇಳಿಸಿಕೊಂಡು, ಜಾಲವಿಲ್ಲದೆ ಬಳಸಬಹುದಾದ ಕಡತಗಳಿಗೆ ಶಾಸನವು ವಿನಾಯಿತಿ ಕೊಟ್ಟಿದೆ. ನನ್ನ ದೃಷ್ಟಿಯಲ್ಲಿ ವಿಷಯದ ತಿರುಳಿರುವುದು ಈ ವಿನಾಯಿತಿಯಲ್ಲಿಯೇ.

ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳಿಗೆ ಇದು ಬರಿಯ ತರ್ಕವಲ್ಲ. ಮನೆಯಲ್ಲಿ ಜಾಲದ ಸಂಪರ್ಕ ನೆಟ್ಟಗಿರುವುದಿಲ್ಲ. ಬಸ್ಸಿನ ಖರ್ಚಿನಲ್ಲಿ ಉಳಿಸಿದ ಹಣವೂ ಅಲ್ಪ. ಆದ್ದರಿಂದ ಕೊಳ್ಳುವ ಮೊದಲು ಆಟದ ಬೆಲೆಯೊಡನೆ, ಕಡತ ಕೈಗೆ ಬರುವುದೇ ಎಂಬುದನ್ನೂ ನೋಡಬೇಕು. ಬಂದರೆ ಅಂದೇ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕಿಡುವುದು ಲೇಸು.